ನೀಲಿ ಡ್ರಮ್ಮಿನಾಕೆ

ಜುಲೈ 3, 2017, ಸೋಮವಾರ

ಕೊನೆಗೂ ಟಚ್ ಫೋನು ಕೊಂಡೆ. ನನಗೇನೂ ಅದರ ಹಂಬಲ ಇರಲಿಲ್ಲ. ಗುಂಡಿ ಒತ್ತುವ ಹಳೆಯ ಫೋನಿನಲ್ಲಿ ಹಲೋ ಅನ್ನಲು ಬರುತ್ತಿತ್ತು, ಅಷ್ಟು ಸಾಕಿತ್ತು. ಆದರೆ ಪೀಣ್ಯದ ನಮ್ಮ ಬೇರಿಂಗ್ ಫ್ಯಾಕ್ಟರಿಯಲ್ಲಿ ಈ ತಿಂಗಳಿನಿಂದ ಶಿಫ್ಟು, ರಜೆ ಎಲ್ಲವನ್ನೂ ವಾಟ್ಸಾಪ್ ಗ್ರೂಪಿನಲ್ಲೇ ಹಾಕುತ್ತಾರಂತೆ. "ನೋಡ್ಲಿಲ್ಲ, ಗೊತ್ತಾಗ್ಲಿಲ್ಲ ಅಂತ ಆಮೇಲೆ ನನ್ ಹತ್ರ ಬರ್ಬೇಡಿ" ಎಂದು ಸೂಪರ್‌ವೈಸರ್ ಶ್ಯಾಮಣ್ಣ ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ಮಾದನಾಯಕನಹಳ್ಳಿ ಸರ್ಕಲ್ಲಿನಲ್ಲಿ ನರೇಶನದು ಮೊಬೈಲ್ ಅಂಗಡಿ. ಈ ಸುತ್ತಿನ ಗೋಡೌನು, ಫ್ಯಾಕ್ಟರಿಗಳ ಜನವೆಲ್ಲ ಫೋನು ಕೊಳ್ಳುವುದು ಅವನಲ್ಲೇ. "ಮೇಲ್ ಐಡಿ ಇದ್ಯಾ ಅಕ್ಕ?" ಎಂದ. ಇಲ್ಲ ಅಂದೆ. "ಬಿಡಿ, ನಾನೇ ಹಾಕ್ಕೊಡ್ತೀನಿ. ಯಾರ್ಗೂ ಇರಲ್ಲ, ಎಲ್ರಿಗೂ ನಾನೇ ಹಾಕೋದು." ಎರಡೇ ನಿಮಿಷದಲ್ಲಿ ಮುಗಿಸಿದ. ಪಾಸ್‌ವರ್ಡ್ ಏನಪ್ಪಾ ಎಂದು ಕೇಳಿದರೆ, "ಅದೆಲ್ಲ ನಿಮಗ್ಯಾಕೆ ತಲೆನೋವು, ಕೆಟ್ಟೋದ್ರೆ ನನ್ ಹತ್ರ ತನ್ನಿ" ಎಂದು ನಕ್ಕ.

ರೂಮಿಗೆ ಬಂದು ಮೊದಲ ಫೋಟೋ ತೆಗೆದೆ. ಕನ್ನಡಿಯಲ್ಲಿ ನಾನು, ಹಿಂದೆ ಗಿಳಿಹಸಿರು ಗೋಡೆ. ಮನೆ ಮಾಲೀಕರು ದೊಡ್ಡಮುನಿಯಪ್ಪ ಕೆಳಗಿನ ಮೂರು, ನನ್ನದೂ ಸೇರಿ ಮೇಲಿನ ಮೂರು, ಆರೂ ರೂಮಿಗೆ ಇದೇ ಹಸಿರು ಬಳಿಸಿದ್ದಾರೆ. ಫೋಟೋ ಯಾರಿಗೂ ಕಳಿಸಲಿಕ್ಕಲ್ಲ. ಎಂಟು ತಿಂಗಳಾದ ಮೇಲೆ ನನ್ನ ಮುಖ ಹೇಗಿದೆ ಎಂದು ನೋಡಬೇಕಿತ್ತು. ಪರವಾಗಿಲ್ಲ, ಕೆನ್ನೆ ಸ್ವಲ್ಪ ತುಂಬಿದೆ.

ಹುನಗುಂದದ ಮನೆ ಬಿಟ್ಟು ಎಂಟು ತಿಂಗಳು. ಸಂಗಣ್ಣ (ಗಂಡ ಎಂದು ಬರೆಯಲು ಕೈ ಬರುವುದಿಲ್ಲ) ಈಗಲೂ ಹುಡುಕುತ್ತಿದ್ದಾನೆ ಎಂದು ತಂಗಿ ಹೇಳಿದಳು. ಸಿಕ್ಕರೆ ನನ್ನನ್ನು ಉಳಿಸುವುದಿಲ್ಲ. ಅಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವಾಗ ದಿನಾ ಮಧ್ಯಾಹ್ನ ಒಂದೂಕಾಲಿಗೆ ಸರಿಯಾಗಿ ಫೋನು ಮಾಡುತ್ತಿದ್ದ. "ಎಲ್ಲಿದ್ದಿ? ಯಾರದದು ಧ್ವನಿ?" ಎತ್ತಲು ತಡವಾದರೆ ಸಂಜೆ ಬೆನ್ನಿನ ಮೇಲೆ ಬೀಳುತ್ತಿತ್ತು. ಡಬ್ಬಿ ತೆರೆದಿಟ್ಟುಕೊಂಡು ಫೋನಿನ ಮುಖ ನೋಡುತ್ತ ಕೂತಿರುತ್ತಿದ್ದೆ. ಈಗಲೂ ಒಂದೂಕಾಲು ಆಯಿತೆಂದರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ.

ಜುಲೈ 6, ಗುರುವಾರ

ಸಂಜೆ ಬಸ್ಸಿಳಿಯುವಾಗ ಫೋನು ಒಂದು ಸಲ ನಡುಗಿತು. ಪರದೆಯ ಮೇಲೆ ಒಂದೇ ಸಾಲು: "ಈ ಫೋನ್ ಇರುವ ಸ್ಥಳವನ್ನು ಪತ್ತೆ ಮಾಡಲಾಗಿದೆ."

ಯಾರು ಪತ್ತೆ ಮಾಡಿದರು? ಅದನ್ನು ಮಾತ್ರ ಬರೆದಿಲ್ಲ. ನೇರವಾಗಿ ರೂಮಿಗೆ ಹೋಗಲು ಧೈರ್ಯವಾಗದೆ ನಮ್ಮ ಗೇಟು ದಾಟಿ ಮುಂದೆ ಹೋದೆ, ತಿರುಗಿ ಬಂದೆ, ಮತ್ತೆ ದಾಟಿದೆ. ಮಾಲೀಕರ ಹೆಂಡತಿ ಅಂಜನಮ್ಮ ಎಂದಿನಂತೆ ಗೇಟಿನ ಪಕ್ಕ ಮೊರದಲ್ಲಿ ರಾಗಿ ಹಸನು ಮಾಡುತ್ತ ಕೂತಿದ್ದರು.

"ಯಾಕವ್ವಾ ಭಾಗ್ಯ, ಮನೆ ಮುಂದ್ಲೇ ಇಂಗೆ ಸುತ್ತಾಕ್ತಾ ಇದ್ದೀಯ?"

"ಏನಿಲ್ರಿ, ಸುಮ್ನ ಅಡ್ಡಾಡಾಕತ್ತೀನಿ" ಅಂದೆ.

ಪುಣ್ಯಾತ್ಗಿತ್ತಿ, ಯಾವ ರೂಮಿನಲ್ಲಿ ಯಾರಿದ್ದಾರೆ, ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಕೇಳದೆಯೇ ಹೇಳುತ್ತಾರೆ. ಕೆಟ್ಟವರಲ್ಲ. ಬಾಯಿಗೆ ಬಾಗಿಲಿಲ್ಲ, ಅಷ್ಟೇ. ನನ್ನ ಗಂಡ ಪುಣೆಯಲ್ಲಿ ಕೆಲಸಕ್ಕಿದ್ದಾನೆ ಎಂದು ಅವರಿಗೆ ಹೇಳಿಟ್ಟಿದ್ದೇನೆ.

ಜುಲೈ 9, ಭಾನುವಾರ

ನಾನು ತೆಗೆಯದ ಫೋಟೋ ನನ್ನ ಫೋನಿನಲ್ಲಿದೆ.

ಕನ್ನಡಿಯ ಮುಂದೆ ತೆಗೆದದ್ದನ್ನು ನೋಡೋಣವೆಂದು ತೆರೆದೆ. ಅದರ ಪಕ್ಕದಲ್ಲೇ ಇನ್ನೊಂದು ಇತ್ತು. ಗಿಳಿಹಸಿರು ಗೋಡೆ, ಗೋಡೆಗೆ ಒತ್ತಿ ನೀರು ತುಂಬುವ ನೀಲಿ ಡ್ರಮ್ಮು, ಡ್ರಮ್ಮಿನ ಮುಚ್ಚಳದ ಮೇಲೆ ಒಂದು ಬಾಚಣಿಗೆ. ನನ್ನಲ್ಲಿ ನೀಲಿ ಡ್ರಮ್ಮಿಲ್ಲ. ಆದರೆ ಗೋಡೆ ನನ್ನದೇ. ಅಥವಾ ನನ್ನದರಂಥದ್ದೇ.

ಎದ್ದು ಬಾಗಿಲ ಹಿಂದೆ ನೋಡಿದೆ. ಬಚ್ಚಲು ನೋಡಿದೆ. ಮಂಚದ ಕೆಳಗೆ ಟ್ರಂಕು ಎಳೆದು ನೋಡಿದೆ. ಹಾಡಹಗಲು ಹನ್ನೊಂದು ಗಂಟೆ, ಹೊರಗೆ ಮಕ್ಕಳು ಕಿರುಚಾಡುತ್ತಿವೆ, ನಾನಿಲ್ಲಿ ನನ್ನ ರೂಮಿನಲ್ಲೇ ಕಳ್ಳಿಯ ಹಾಗೆ ಹುಡುಕುತ್ತಿದ್ದೇನೆ. ಏನೂ ಸಿಗಲಿಲ್ಲ. ಮತ್ತೆ ಫೋನು ನೋಡಿದರೆ ಇನ್ನೊಂದು ಫೋಟೋ ಬಂದಿತ್ತು. ಅದೇ ಡ್ರಮ್ಮು. ಬಾಚಣಿಗೆ ಇಲ್ಲ.

ಜುಲೈ 12, ಬುಧವಾರ

ನನ್ನ ಕಥೆ ಇಲ್ಲಿ ಗೊತ್ತಿರುವುದು ಸೌಮ್ಯಳಿಗೆ ಮಾತ್ರ. ಚೆಕಿಂಗ್ ಟೇಬಲ್ಲಿನಲ್ಲಿ ನನ್ನ ಪಕ್ಕ ಕೂರುತ್ತಾಳೆ. ಹೇಳಿದೆ. "ಅಯ್ಯೋ, ಬಾಗ್ಲು ತೆಗ್ದಿಟ್ಟು ಕಳ್ಳ ಬಂದ ಅಂದ್ರೆ? ಕೊಡು ಇಲ್ಲಿ" ಎಂದು ಊಟದ ಹೊತ್ತಿನಲ್ಲಿ ಫೋನಿಗೆ ಬೀಗ ಜಡಿದಳು. ಚುಕ್ಕಿಗಳ ಮೇಲೆ ಗೆರೆ ಎಳೆದರಷ್ಟೇ ತೆರೆಯುತ್ತದೆ. ಲೊಕೇಶನ್ ಆಫ್ ಮಾಡಿದಳು. "ಟಾರ್ಚ್ ಆ್ಯಪಿಗ್ಯಾಕೇ ನಿನ್ ಕಾಂಟ್ಯಾಕ್ಟೆಲ್ಲ ಬೇಕು? ಬೆಳಕು ಬಿಡೋಕಾ?" ಎಂದು ಬೈಯುತ್ತ ಅದನ್ನೂ ತೆಗೆದಳು. ಎರಡೂ ಕ್ಯಾಮೆರಾದ ಮೇಲೆ ಇನ್ಸುಲೇಷನ್ ಟೇಪು ಅಂಟಿಸಿದೆವು. ಮನಸ್ಸು ಎಷ್ಟು ಹಗುರಾಯಿತೆಂದರೆ ಅವಳ ಡಬ್ಬಿಯ ಚಿತ್ರಾನ್ನವನ್ನೂ ನಾನೇ ತಿಂದೆ.

ಜುಲೈ 13, ಗುರುವಾರ

ಬೀಗ ಹಾಕಿ ಏನು ಬಂತು?

ಫೋನುಗಳನ್ನು ಸೈಲೆಂಟಿಗೆ ಹಾಕಿ ಗೋಡೆಯ ಕಪಾಟಿನಲ್ಲಿಟ್ಟು ಒಳಗೆ ಹೋಗುವುದು ನಮ್ಮಲ್ಲಿ ನಿಯಮ. ಹನ್ನೊಂದರ ಸುಮಾರಿಗೆ ಕಪಾಟಿನಿಂದ ಜೋರಾಗಿ ಗಂಟೆ ಶುರುವಾಯಿತು. ಯಾರದೋ ಎಂದು ಸುಮ್ಮನಿದ್ದೆ. ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ನನ್ನದು! ಸೈಲೆಂಟಿನಲ್ಲೇ ಇದೆ, ಕರೆ ಮಾಡಿದವರ ನಂಬರಿಲ್ಲ, ಆದರೂ ಕಿರುಚುತ್ತಿದೆ. ಆರಿಸುವ ಗುಂಡಿ ಒತ್ತಿದ ಮೇಲೆ ನಿಂತಿತು. ಇಡೀ ಲೈನು ನನ್ನನ್ನೇ ನೋಡುತ್ತಿತ್ತು. ಶ್ಯಾಮಣ್ಣ ಏನೋ ಬೈದರು, ಕಿವಿಗೆ ಬೀಳಲಿಲ್ಲ.

ಜುಲೈ 15, ಶನಿವಾರ

ನನ್ನ ನಂಬರುಗಳ ಪಟ್ಟಿಯಲ್ಲಿ ನಾನು ಸೇರಿಸದ ಹೆಸರುಗಳಿವೆ. ಗ್ಯಾಸ್ ಮುನೀಂದ್ರ. ರಾಮಮ್ಮ ಹಾಲು. ಮತ್ತೆ ಒಂದು ಕಡೆ, ಅಪ್ಪ.

ನಮ್ಮಪ್ಪ ತೀರಿಕೊಂಡು ಹನ್ನೊಂದು ವರ್ಷ. ಒತ್ತಬಾರದು ಎಂದುಕೊಳ್ಳುತ್ತಲೇ ಒತ್ತಿದೆ. ಎರಡನೇ ರಿಂಗಿಗೆ ಮುದುಕರ ಧ್ವನಿಯೊಂದು, "ಯೋಳವ್ವಾ ಮಗ, ಉಂಡ್ಯಾ?" ಎಂದಿತು. ಕಟ್ ಮಾಡಿ ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಅರ್ಧ ತಾಸು ಅತ್ತೆ. ಯಾರ ಅಪ್ಪನೋ, ಉಂಡೆಯಾ ಎಂದು ಕೇಳಿದನಲ್ಲ.

ಆಮೇಲೆ ತೆಗೆದು ನೋಡಿದೆ. ಮತ್ತೊಂದು ಫೋಟೋ ಬಂದಿದೆ. ಹೆಂಗಸಿನ ಕೈ. ಮೊಣಕೈ ಮೇಲೆ ನಾಲ್ಕು ಬೆರಳಿನ ಗುರುತು, ನೀಲಿಗಟ್ಟಿದೆ. ಹಿಡಿದು ಎಳೆದರೆ ಹಾಗೆ ಮೂಡುತ್ತದೆ, ನನಗೆ ಗೊತ್ತಿದೆ. ಒಂದು ಕ್ಷಣ ಅದು ನನ್ನ ಕೈಯೇ ಅನಿಸಿ ರವಿಕೆಯ ತೋಳು ಸರಿಸಿ ನೋಡಿಕೊಂಡೆ.

ಜುಲೈ 16, ಭಾನುವಾರ

ಸೌಮ್ಯಳನ್ನು ಕರೆದುಕೊಂಡು ನರೇಶನ ಅಂಗಡಿಗೆ ಹೋದೆ. ಎಲ್ಲ ಕೇಳಿ ಅವನು ನಗಲು ಶುರುಮಾಡಿದ.

"ಅಕ್ಕ, ಒಂದು ಮೇಲ್ ಐಡಿ ಮಾಡಿದ್ರೆ ಅದನ್ನೇ ಹತ್ತು ಹದಿನೈದು ಫೋನಿಗೆ ಹಾಕ್ಬಿಡ್ತೀನಿ. ಒಂದೊಂದಕ್ಕೂ ಒಂದೊಂದು ಮಾಡ್ತಾ ಕೂತ್ರೆ ಅಂಗಡಿ ನಡ್ಸೋದ್ಯಾವಾಗ? ಅವ್ರ ಫೋಟೋ, ನಂಬರು ಎಲ್ಲ ನಿಮಗ್ ಬರುತ್ತೆ, ನಿಮ್ದು ಅವ್ರಿಗ್ ಹೋಗುತ್ತೆ. ದೆವ್ವನೂ ಇಲ್ಲ, ಕಳ್ಳನೂ ಇಲ್ಲ."

"ಮತ್ತ ಗಂಟಿ ಬಾರಿಸಿದ್ದು ಯಾರು?"

"ನಾನೇ! ಯಾರೋ ಫೋನ್ ಕಳ್ಕೊಂಡು ಬಂದಿದ್ರು. ಪಟ್ಟಿಯಲ್ಲಿ ಎಲ್ಲಾ ಒಂದೇ ಮಾಡೆಲ್ಲು, ಒಂದೊಂದೇ ಒತ್ತಿ ನೋಡ್ದೆ. ಅದಕ್ಕೆ ಮುಂಚೆನೂ ಒಂದ್ಸಲ ಹಿಂಗೇ ಹುಡುಕಿದ್ದೆ, ಪತ್ತೆ ಆಯ್ತು ಅಂತ ನಿಮಗ್ ಬಂದಿದ್ದು ಅದೇ." ನನ್ನ ಫೋನಿನಲ್ಲೇ ತೋರಿಸಿದ. ಪಟ್ಟಿಯಲ್ಲಿ ಹನ್ನೆರಡು ಫೋನು. ಒಂದನ್ನು ಮುಟ್ಟಿದರೆ ನಕ್ಷೆಯ ಮೇಲೆ ಚುಕ್ಕಿ, ಕೆಳಗೆ ಬಾರಿಸು ಎಂಬ ಗುಂಡಿ. ಸೈಲೆಂಟಿದ್ದರೂ ಬಾರಿಸುತ್ತದೆ. ಡ್ರಮ್ಮಿನ ಫೋಟೋ ತೆರೆದು, ಯಾವ ಫೋನಿನದು, ಎಲ್ಲಿ ತೆಗೆದದ್ದು ಎಂದು ನೋಡುವುದನ್ನೂ ಹೇಳಿಕೊಟ್ಟ. ತುಮಕೂರು ರಸ್ತೆಯಾಚೆ ಮಾಕಳಿ ಕಡೆ, ಗೋಡೌನುಗಳ ಹಿಂದಿನ ಸಾಲು ರೂಮು. ನಡೆದರೆ ಇಪ್ಪತ್ತೈದು ನಿಮಿಷ.

ಸಂಗಣ್ಣನಲ್ಲ! ಅಂಗಡಿಯ ಮುಂದೆ ನಿಂತು ಹುಚ್ಚಿಯಂತೆ ನಕ್ಕೆ. ಇಷ್ಟು ದಿನ ನನ್ನ ಜೀವ ತಿಂದದ್ದು ಈ ಮಹಾನುಭಾವನ ಸೋಮಾರಿತನ.

"ಐದ್ನಿಮ್ಷ ಕೊಡಿ ಅಕ್ಕ, ನಿಮ್ದೇ ಬೇರೆ ಅಕೌಂಟ್ ಮಾಡಿ ಇದನ್ನ ತೆಗ್ದುಬಿಡ್ತೀನಿ" ಎಂದು ನರೇಶ ಕೈಚಾಚಿದ. ನಾನು ಫೋನು ಕೊಡಲಿಲ್ಲ. "ನಾಳಿ ಬರ್ತೀನಿ ತಗೋ" ಅಂದೆ. ಸೌಮ್ಯ ದಾರಿಯುದ್ದಕ್ಕೂ ಬೈದಳು. ಬೈಯಲಿ. ತೆಗೆಸಿಬಿಟ್ಟರೆ ಆ ಕೈ ಯಾರದು, ಏನಾಯಿತು ಎಂದು ನನಗೆಂದೂ ತಿಳಿಯುವುದಿಲ್ಲ.

ಜುಲೈ 22, ಶನಿವಾರ

ನೀಲಿ ಡ್ರಮ್ಮಿನಾಕೆ ಇವತ್ತು ಎರಡು ಫೋಟೋ ತೆಗೆದಿದ್ದಾಳೆ. ಒಂದರಲ್ಲಿ ಹೊಲಿಗೆಗೆ ಬಂದ ರವಿಕೆಯ ಹಿಂಭಾಗದ ಡಿಸೈನು. ಇನ್ನೊಂದರಲ್ಲಿ ಮತ್ತೆ ಕೈ, ಗುರುತು ಈಗ ಹಳದಿಗೆ ತಿರುಗಿದೆ. ಯಾರಿಗೂ ತೋರಿಸಲಿಕ್ಕಲ್ಲ, ತಾನೇ ನೋಡಿಕೊಳ್ಳಲು ಇಟ್ಟುಕೊಂಡಿದ್ದಾಳೆ. ಪಾಪ ಅನಿಸಿತು. ನನಗೂ ಆಗ ಒಬ್ಬರು ನೋಡುವವರು ಇದ್ದಿದ್ದರೆ!

ಜುಲೈ 25, ಮಂಗಳವಾರ

ಲೊಕೇಶನ್ ಮತ್ತೆ ಆನ್ ಮಾಡಿದೆ. ಇಲ್ಲದಿದ್ದರೆ ನನ್ನಿಂದ ಅವಳು ಎಷ್ಟು ದೂರದಲ್ಲಿದ್ದಾಳೆ ಎಂದು ನಕ್ಷೆ ತೋರಿಸುವುದಿಲ್ಲ. ಗೆರೆಯ ಬೀಗವನ್ನೂ ತೆಗೆದೆ. ಗಳಿಗೆಗೊಮ್ಮೆ ನೋಡಬೇಕಾದರೆ ಗಳಿಗೆಗೊಮ್ಮೆ ಗೆರೆ ಎಳೆಯುತ್ತ ಕೂರಲಾದೀತೇ?

ಆಗಸ್ಟ್ 4, ಶುಕ್ರವಾರ

ವರಮಹಾಲಕ್ಷ್ಮಿ. ಅಂಜನಮ್ಮ ಕುಂಕುಮಕ್ಕೆ ಕರೆದಿದ್ದರು. ತಾಂಬೂಲ ಹಿಡಿದುಕೊಂಡು ಅಲ್ಲೇ ಫೋನು ನೋಡುತ್ತ ನಿಂತದ್ದಕ್ಕೆ, "ಅದೇನವ್ವಾ, ಆ ಪೆಟ್ಗೆ ಒಳಗೆ ಗಂಡ ಅವ್ನಾ?" ಎಂದು ಎಲ್ಲರ ಮುಂದೆ ನಗೆಯಾಡಿದರು.

ಗಂಡನಲ್ಲ, ಅವಳು. ಇವತ್ತು ಮೊದಲ ಸಲ ಮುಖದ ಫೋಟೋ ಬಂತು. ಕೆಂಪು ಸೀರೆ, ತಲೆತುಂಬ ಹೂವು. ನನಗಿಂತ ಚಿಕ್ಕವಳು, ಇಪ್ಪತ್ತಮೂರು ಇರಬಹುದು. ನಗುತ್ತಿದ್ದಾಳೆ, ಆದರೆ ತುಟಿಯ ಒಂದು ಮೂಲೆ ಊದಿದೆ. ಪೌಡರ್ ಬಳಿದರೆ ಕಾಣುವುದಿಲ್ಲ ಎಂದುಕೊಂಡಿದ್ದಾಳೆ. ಬೇರಿಂಗಿನ ಮೇಲೆ ಕೂದಲೆಳೆಯ ಗೀರಿದ್ದರೂ ಹಿಡಿಯುವ ಕಣ್ಣಮ್ಮಾ ಇದು, ನನ್ನ ಮುಂದೆ ನಡೆಯುತ್ತದೆಯೇ?

ಆಗಸ್ಟ್ 6, ಭಾನುವಾರ

ಹೋಗಿ ನೋಡಿಬಂದೆ. ತಪ್ಪೇನು? ದೂರದಲ್ಲಿ ನಿಂತು ನೋಡಿದೆ, ಅಷ್ಟೇ.

ಸಾಲಾಗಿ ಐದು ರೂಮು, ಎಲ್ಲಕ್ಕೂ ತಗಡಿನ ಬಾಗಿಲು. ಈ ಕಡೆಯ ಮಾಲೀಕರೆಲ್ಲ ಒಂದೇ ಅಂಗಡಿಯಲ್ಲಿ ಬಣ್ಣ ತರುತ್ತಾರೇನೋ, ಅಲ್ಲಿಯೂ ಅದೇ ಗಿಳಿಹಸಿರು. ಕೊನೆಯ ಬಾಗಿಲು ತೆರೆದಿತ್ತು, ಒಳಗೆ ನೀಲಿ ಡ್ರಮ್ಮು ಕಂಡಿತು. ಫೋನಿನೊಳಗಿನ ಜಾಗಕ್ಕೆ ಕಾಲಿಟ್ಟು ನಡೆದುಬಂದಂತಾಯಿತು. ಒಬ್ಬ ಗಂಡಸು ಲುಂಗಿ ಉಟ್ಟು ಹೊಸಿಲ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ! ಗೋಡೌನಿನಲ್ಲಿ ರಾತ್ರಿ ಕಾವಲು ಕೆಲಸವಿರಬೇಕು, ಗೋಡೆಯ ಮೊಳೆಗೆ ವಾಚ್‌ಮನ್ ಅಂಗಿ ತೂಗುಹಾಕಿತ್ತು. ಅವಳು ಕಾಣಲಿಲ್ಲ. ಅವನು ಒಳಗೆ ಹೋದ ಮೇಲೆ ಕ್ಯಾಮೆರಾದ ಟೇಪು ಕಿತ್ತು ಬಾಗಿಲಿನ ಒಂದು ಫೋಟೋ ತೆಗೆದುಕೊಂಡು ಬಂದೆ. ನೆನಪಿಗಿರಲಿ ಎಂದು.

ಆಗಸ್ಟ್ 9, ಬುಧವಾರ

ಮೂರು ದಿನದಿಂದ ಅವಳ ಒಂದು ಫೋಟೋ ಇಲ್ಲ. ಚುಕ್ಕಿ ಮನೆಯಲ್ಲೇ ಇದೆ. ಇದ್ದಾಳೋ ಸತ್ತಳೋ ಎಂದು ತಲೆ ಕೆಟ್ಟುಹೋಯಿತು. ಊಟಕ್ಕೆ ಕೂತಾಗ ಆ ಬಾರಿಸುವ ಗುಂಡಿ ಒತ್ತಿದೆ. ಬಾರಿಸಿದರೆ ಅವಳಿಗೂ ಗೊತ್ತಾಗುತ್ತದೆ, ಯಾರೋ ಒಬ್ಬರು ತನ್ನನ್ನು ನೋಡಿಕೊಳ್ಳುತ್ತಿದ್ದಾರೆ ಎಂದು.

ಆಮೇಲೆ ಡಬ್ಬಿ ಖಾಲಿ ಮಾಡಿದೆ. ಗಡಿಯಾರ ನೋಡಿದರೆ ಒಂದು ಇಪ್ಪತ್ತು. ಒಂದೂಕಾಲಿನ ಹೊತ್ತಿನಲ್ಲಿ ಅನ್ನ ಸಲೀಸಾಗಿ ಇಳಿದದ್ದು ಇದೇ ಮೊದಲು.

ಆಗಸ್ಟ್ 11, ಶುಕ್ರವಾರ

ಕುತ್ತಿಗೆಯ ಫೋಟೋ. ಈ ಸಲ ಹೆಬ್ಬೆರಳಿನ ಗುರುತೂ ಇದೆ. ಅಯ್ಯೋ ಪಾಪಿ! ಇನ್ನು ಮೇಲೆ ದಿನಾ ಬಾರಿಸಿ ವಿಚಾರಿಸಬೇಕು, ಒಂದು ದಿನವೂ ತಪ್ಪಿಸಬಾರದು.

ಆಗಸ್ಟ್ 14, ಸೋಮವಾರ

ಒಂದೂಕಾಲು. ಬಾರಿಸಿದೆ.

ಆಗಸ್ಟ್ 16, ಬುಧವಾರ

ಬಾರಿಸಿದೆ. ಅವಳ ಫೋನು ಆಫಾಗಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮೂರು ಒಳ್ಳೆಯ ಪೀಸುಗಳನ್ನು ರಿಜೆಕ್ಟ್ ಡಬ್ಬಕ್ಕೆ ಹಾಕಿಬಿಟ್ಟೆ. ನಾಲ್ಕು ಗಂಟೆಯ ಟೀ ಬಿಡುವಿನಲ್ಲಿ ನೋಡಿದರೆ ಆನ್ ಮಾಡಿದ್ದಳು. ಕೂಡಲೇ ಬಾರಿಸಿದೆ.

ಆಗಸ್ಟ್ 19, ಶನಿವಾರ

ಎಲ್ಲಿಗೆ ಹೋಗಿದ್ದಳು ಇವಳು? ಹತ್ತೂವರೆಗೆ ಮನೆ ಬಿಟ್ಟವಳು ನೆಲಮಂಗಲ ಬಸ್ ಸ್ಟ್ಯಾಂಡಿನಲ್ಲಿ ಎರಡು ತಾಸು! ಹೊಲಿಗೆ ಹಾಕುವವಳಿಗೆ ನೆಲಮಂಗಲದಲ್ಲಿ ಏನು ಕೆಲಸ? ಯಾರ ಜೊತೆ ಇದ್ದಳು? ಕೆಲಸದ ನಡುವೆ ಕಪಾಟಿಗೆ ಹೋಗಿ ಹೋಗಿ ನೋಡಿದೆ, ಎರಡು ಸಲ ಬಾರಿಸಿದೆ. ಆಮೇಲೆ ಒಂದು ಫೋಟೋ ಬಂತು, ಬಸ್ಸುಗಳು ಹೊರಡುವ ವೇಳೆಯ ಬೋರ್ಡು. ನನಗೆ ಒಂದು ಮಾತು ತಿಳಿಯದೆ ಎಲ್ಲಿಗೆ ಹೊರಟಿದ್ದಾಳೆ?

ಇದನ್ನೆಲ್ಲ ಸೌಮ್ಯಳಿಗೆ ಹೇಳಿದೆ. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. "ಭಾಗ್ಯ, ನೀನು ಈಗ ಯಾರ ಥರ ಮಾತಾಡ್ತಿದ್ದೀಯ ಗೊತ್ತೇನೇ? ನೀನೇ ನಂಗೆ ಹೇಳಿದ್ದೆಯಲ್ಲ, ಊರಲ್ಲಿ ಅವ್ನು..."

"ಬಾಯಿ ಮುಚ್ಚು" ಅಂದೆ. ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದೆ. ಅವನು ಕಾಯುತ್ತಿದ್ದದ್ದು ಅನುಮಾನದಿಂದ. ನಾನು ಕಾಯುತ್ತಿರುವುದು ಕಾಳಜಿಯಿಂದ. ಈ ವ್ಯತ್ಯಾಸ ತಿಳಿಯದವಳ ಹತ್ತಿರ ಏನು ಮಾತು?

ಆಗಸ್ಟ್ 25, ಶುಕ್ರವಾರ

ಗಣೇಶನ ಹಬ್ಬ, ರಜೆ. ಬೆಳಗ್ಗೆ ಎದ್ದ ಕೂಡಲೇ ಫೋನು ನೋಡಿದೆ. ಐದೂವರೆಗೆ ತೆಗೆದ ಒಂದು ಫೋಟೋ ಬಂದಿತ್ತು. ನೋಟ್‌ಬುಕ್ಕಿನ ಹಾಳೆ, ಪೆನ್ಸಿಲಿನ ಅಕ್ಷರ. ಇದ್ದ ಹಾಗೇ ಇಲ್ಲಿ ಬರೆದಿಡುತ್ತೇನೆ.

"ಈ ಫೋಟೋ ನಿನಗೂ ಕಾಣುತ್ತದೆ ಎಂದು ಈಗ ಗೊತ್ತಾಗಿದೆ. ನೀನು ಯಾರೋ ಗೊತ್ತಿಲ್ಲ. ನನ್ನ ಗಂಡ ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಮಲಗಿರುತ್ತಾನೆ. ದಿನಾ ಒಂದೂಕಾಲಿಗೆ ನೀನು ಫೋನು ಬಾರಿಸುತ್ತೀಯ. ನಂಬರು ಇರುವುದಿಲ್ಲ. ಯಾವನವನು ಹೇಳು ಎಂದು ಹೊಡೆಯುತ್ತಾನೆ. ನೀನು ನಮ್ಮ ಬಾಗಿಲ ಫೋಟೋ ತೆಗೆದು ನನ್ನ ಫೋನಿಗೇ ಹಾಕಿದೆ, ಅದನ್ನೂ ನೋಡಿದ. ಅವನ ಕೈಯಲ್ಲಿ ಬದುಕುವುದು ಹೇಗೋ ಕಲಿತಿದ್ದೆ. ನಿನ್ನ ಕೈಯಲ್ಲಿ ಆಗಲಿಲ್ಲ. ಫೋನು ಡ್ರಮ್ಮಿನ ಮೇಲಿಟ್ಟು ಹೋಗುತ್ತಿದ್ದೇನೆ. ಇನ್ನು ನೀನುಂಟು ಅವನುಂಟು."

ನಾನು ಹೊಡೆಸಿದೆನಂತೆ! ನಾನು! ಉರಿದುಹೋಯಿತು ಮೈ. ಅವಳನ್ನು ನೋಡಿಕೊಂಡವಳು ನಾನೊಬ್ಬಳೇ, ಅವಳಿಗಾಗಿ ನನ್ನ ಬೀಗ, ಟೇಪು ಎಲ್ಲ ಕಿತ್ತುಹಾಕಿದೆ. ಸಾಕ್ಷಿ ಬೇಕೆಂದು ಇದೇ ಡೈರಿಯ ಹಿಂದಿನ ಪುಟ ತಿರುವಿದೆ. ಮೊದಲ ಸಲ ಬಾರಿಸಿದ್ದು ಒಂಬತ್ತನೇ ತಾರೀಕು. ಕುತ್ತಿಗೆಯ ಫೋಟೋ ಹನ್ನೊಂದನೇ ತಾರೀಕು.

ಮತ್ತೆ ಓದಿದೆ. ಒಂಬತ್ತು, ಹನ್ನೊಂದು. ಅಂಜನಮ್ಮ ಕಡುಬು ಕೊಟ್ಟು ಹೋದರು. ತಟ್ಟೆಯಲ್ಲಿ ಹಾಗೇ ಇದೆ.

ಆಗಸ್ಟ್ 26, ಶನಿವಾರ

ಫ್ಯಾಕ್ಟರಿಯಿಂದ ಬರುವಾಗ ನರೇಶನೇ ಕೂಗಿ ಕರೆದ.

"ಅಕ್ಕ, ನಿನ್ನೆ ಮಾಕಳಿಯಿಂದ ಒಬ್ರು ಬಂದಿದ್ರು, ವಾಚ್‌ಮನ್ನು. ಹೆಂಡ್ತಿ ಫೋನಲ್ಲಿ ಬೇರೆ ಯಾರ್ದೋ ಫೋಟೋ ಇದೆ, ಹಸಿರು ರೂಮು, ಇವ್ಳೇ ಅವ್ಳನ್ನ ಓಡ್ಸಿರೋದು ಅಂತಿದ್ರು. ನಿಮಗೆ ತೋರ್ಸಿದ್ನಲ್ಲ, ಆ ಹುಡ್ಕೋದು, ಅವ್ರಿಗೂ ಹೇಳ್ಕೊಟ್ಟೆ. ಪಾಪ, ತುಂಬಾ ಒದ್ದಾಡ್ತಿದ್ರು."

ಹಸಿರು ರೂಮು. ಕನ್ನಡಿಯಲ್ಲಿ ನಾನು. ಎರಡು ತಿಂಗಳಿನಿಂದ ಅದು ಅಲ್ಲಿಯೂ ಇದೆ. ನನ್ನ ಫೋಟೋ ಅವರಿಗೆ ಹೋಗುತ್ತದೆ ಎಂದು ನರೇಶ ಅವತ್ತೇ ಹೇಳಿದ್ದ. ಹೇಳಿದ್ದನ್ನು ಕೇಳಿಸಿಕೊಂಡೂ ಇದ್ದೆ. ಸರ್ಕಲ್ಲಿನಲ್ಲಿ ನಿಂತಿದ್ದಾಗಲೇ ಫೋನು ನಡುಗಿತು. "ಈ ಫೋನ್ ಇರುವ ಸ್ಥಳವನ್ನು ಪತ್ತೆ ಮಾಡಲಾಗಿದೆ."

ಆಗಸ್ಟ್ 27, ಭಾನುವಾರ

ಅವಳು ಬಿಟ್ಟುಹೋದ ಫೋನು ಈಗ ಅವನ ಕೈಯಲ್ಲಿದೆ, ಬೆಳಗ್ಗೆಯಿಂದ ಆ ಚುಕ್ಕಿಯನ್ನು ನೋಡುತ್ತಿದ್ದೇನೆ. ಹನ್ನೆರಡೂವರೆಗೆ ಮಾಕಳಿ ಬಿಟ್ಟಿತು. ಹನ್ನೆರಡು ಐವತ್ತಕ್ಕೆ ಸರ್ಕಲ್ಲು ದಾಟಿತು.

ಸೌಮ್ಯಳಿಗೆ ಫೋನು ಮಾಡಿದೆ. ಆ ದಿನದ ಮಾತನ್ನು ಅವಳು ಎತ್ತಲೇ ಇಲ್ಲ. "ಈಗ್ಲೇ ಅಕೌಂಟ್ ತೆಗಿ ಕಣೇ! ಪೊಲೀಸ್‌ಗೆ ಫೋನ್ ಮಾಡು. ನಾನು ಅಣ್ಣನ್ ಕರ್ಕೊಂಡ್ ಹೊರಟೆ" ಎಂದಳು. ಅವಳು ದಾಸರಹಳ್ಳಿಯಿಂದ ಬರಲು ಮುಕ್ಕಾಲು ತಾಸು ಬೇಕು. ಪೊಲೀಸರು ಬಂದರೆ ಹೆಸರು, ಊರು, ಗಂಡ ಎಲ್ಲ ಕೇಳುತ್ತಾರೆ, ಹುನಗುಂದಕ್ಕೆ ಸುದ್ದಿ ಮುಟ್ಟುತ್ತದೆ. ಒಬ್ಬನಿಂದ ಉಳಿಯಲು ಇನ್ನೊಬ್ಬನ ಕೈಗೆ ಹೋಗಿ ಬೀಳಲೇ?

ಅಕೌಂಟ್ ತೆಗೆಯುವ ಜಾಗಕ್ಕೆ ಹೋದೆ. "ತೆಗೆದುಹಾಕು" ಎಂದಿದೆ. ಹೆಬ್ಬೆರಳು ಅದರ ಮೇಲೆಯೇ ಇತ್ತು. ತೆಗೆದರೆ ಅವನಿಗೆ ನಾನು ಕಾಣುವುದಿಲ್ಲ. ಆದರೆ ನನಗೂ ಅವನು ಕಾಣುವುದಿಲ್ಲ, ಯಾವ ತಿರುವಿನಲ್ಲಿದ್ದಾನೆ, ಯಾವ ಮೆಟ್ಟಿಲ ಮೇಲಿದ್ದಾನೆ ಎಂದು. ಇನ್ನೊಂದೂ ಹೊಳೆಯಿತು. ನನ್ನ ಚುಕ್ಕಿ ಆರಿಹೋದರೆ ಅವನಿಗೆ ಹುಡುಕಲು ಉಳಿಯುವುದು ಅವಳೊಬ್ಬಳೇ. ಆ ಬಸ್ಸಿನ ಬೋರ್ಡಿನ ಫೋಟೋ ಅವನ ಕೈಯಲ್ಲೂ ಇದೆ. ನನ್ನ ಹಿಂದೆ ಬಿದ್ದಿರುವಷ್ಟು ಹೊತ್ತು ಅವನು ನೆಲಮಂಗಲದ ಕಡೆ ಹೋಗುವುದಿಲ್ಲ. ಹೋಗು ತಾಯಿ, ಎಷ್ಟು ದೂರವಾದರೂ ಹೋಗು. ಯಾವ ಬಸ್ಸು ಹತ್ತಿದೆ ಎಂದು ನಾನು ಕೇಳುವುದಿಲ್ಲ.

ತೆಗೆಯಲಿಲ್ಲ. ಅವಳಿಗಾಗಿ ತೆಗೆಯಲಿಲ್ಲವೋ, ನೋಡದೆ ಇರಲು ನನಗೆ ಬರುವುದೇ ಇಲ್ಲವೋ, ನಿಜವಾಗಿ ನನಗೆ ಗೊತ್ತಿಲ್ಲ.

ಒಂದು ಗಂಟೆ ಹತ್ತು ನಿಮಿಷ. ಹೊಸ ಫೋಟೋ ಒಂದು ಬಂತು. ಕಬ್ಬಿಣದ ಗೇಟು. ಗೇಟಿನ ಪಕ್ಕ ಮೊರ, ಮೊರದಲ್ಲಿ ರಾಗಿ, ರಾಗಿಯ ಮೇಲೆ ಅಂಜನಮ್ಮನ ಕೈ.

ಚಿಲಕ ಹಾಕಿದ್ದೇನೆ. ಬಾಗಿಲಿಗೆ ಟ್ರಂಕು ಒತ್ತಿದ್ದೇನೆ. ಸುಮ್ಮನೆ ಕೂರಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಿಸಿಲು ಚೆನ್ನಾಗಿದೆ. ಕೆಳಗೆ ಯಾರೋ ನಿಂತಿದ್ದಾರೆ.

ಒಂದೂಕಾಲು. ನನ್ನ ಫೋನು ಬಾರಿಸುತ್ತಿದೆ. ನಂಬರಿಲ್ಲ. ಗುಂಡಿ ಒತ್ತಿ ನಿಲ್ಲಿಸಿದೆ. ಮತ್ತೆ ಬಾರಿಸುತ್ತಿದೆ. ಅವಳೂ ಹೀಗೇ ಒತ್ತಿರಬೇಕು, ಪಕ್ಕದಲ್ಲಿ ಮಲಗಿದವನು ಏಳುವುದರೊಳಗೆ. ದಿಂಬಿನ ಕೆಳಗಿಟ್ಟರೂ ಬೀದಿಗೆಲ್ಲ ಕೇಳಿಸುವಷ್ಟು ಜೋರು.

"ಯಾರ್ ಬೇಕಿತ್ತಪ್ಪಾ?" ಎನ್ನುತ್ತಿದ್ದಾರೆ ಅಂಜನಮ್ಮ.

"ಫೋನ್ ಹೊಡ್ಕೋತಾ ಇದೆಯಲ್ಲಮ್ಮ, ಆ ರೂಮು."

"ಓ, ಅದಾ? ಮ್ಯಾಲ್ಗಡೆ ಎರಡ್ನೇದು. ನಮ್ ಭಾಗ್ಯ, ಒಳ್ಗೇ ಅವ್ಳೆ. ಓಗಪ್ಪಾ."